ಮಗ ಕ್ಲಾಸಿನಲ್ಲಿ ತಳ್ಳುತ್ತಾನೆ, ಕಿತ್ತುಕೊಳ್ಳುತ್ತಾನೆ ಅಂತ ದಿನಾ ದೂರು. ರಾತ್ರಿ ನಿದ್ದೆ ಸರಿ ಇಲ್ಲದ್ದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಎರಡನೇ ಕ್ಲಾಸ್ ಅಮ್ಮ (ಭಾನುವಾರ, ರಾತ್ರಿ 10:58)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನಾವು ಬೆಂಗಳೂರಿನವರು. ಮಗನಿಗೆ ಏಳು ವರ್ಷ. ಜೂನ್‌ನಿಂದ ಡೈರಿಯಲ್ಲಿ ವಾರಕ್ಕೆ ಎರಡು ಮೂರು ಸಲ ಕೆಂಪು ಇಂಕಿನಲ್ಲಿ ದೂರು ಬರುತ್ತಿದೆ. ಸಾಲಿನಲ್ಲಿ ನಿಲ್ಲುವುದಿಲ್ಲ, ಮುಂದಿರುವವರನ್ನು ತಳ್ಳುತ್ತಾನೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ. ಪಕ್ಕದವನ ರಬ್ಬರ್ ಕಿತ್ತುಕೊಳ್ಳುತ್ತಾನೆ. ಹೋದ ವಾರ ಒಂದು ಹುಡುಗಿಯ ಜಡೆ ಎಳೆದ. ಅವಳು ಬಿದ್ದು ಮೊಣಕಾಲು ತರಚಿತು. ನಾನೇ ಹೋಗಿ ಆ ಮಗುವಿನ ಅಮ್ಮನ ಹತ್ತಿರ ಕ್ಷಮೆ ಕೇಳಿ ಬಂದೆ. ಮನೆಗೆ ಬಂದು ಯಾಕೋ ಹೀಗೆ ಮಾಡಿದೆ ಅಂತ ಕೇಳಿದರೆ, "ಗೊತ್ತಿಲ್ಲ ಅಮ್ಮ, ಕೈ ಹೋಗ್ಬಿಡ್ತು" ಅಂದ. ಆಮೇಲೆ ತುಂಬಾ ಅತ್ತ. ಆ ಮಾತು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ಶಾಲೆಯ ಕೌನ್ಸೆಲರ್ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ, ದುಡುಕು ಇರುವ ತೊಂದರೆ) ಇರಬಹುದು, ಪರೀಕ್ಷೆ ಮಾಡಿಸಿ ಅಂದರು. ಮಾಡಿಸುತ್ತೇವೆ, ಅದಕ್ಕೆ ನನ್ನ ಅಡ್ಡಿ ಇಲ್ಲ. ಆದರೆ ಇವನು ರಾತ್ರಿ ಹೇಗೆ ಮಲಗುತ್ತಾನೆ ಅಂತ ಒಬ್ಬರೂ ಕೇಳಲಿಲ್ಲ. ಮಲಗುವುದು ಹತ್ತೂಮುಕ್ಕಾಲಿಗೆ. ಅವರ ಅಪ್ಪ ಬರುವುದೇ ಹತ್ತಕ್ಕೆ, ಅಪ್ಪನನ್ನು ನೋಡದೆ ಇವನು ಮಲಗಲ್ಲ. ಸ್ಕೂಲ್ ಬಸ್ಸು 6:50ಕ್ಕೆ. ಆರು ಗಂಟೆಗೆ ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ನಿಲ್ಲಿಸುತ್ತೇನೆ, ಅಲ್ಲೇ ಗೋಡೆಗೆ ಒರಗುತ್ತಾನೆ. ಭಾನುವಾರ ಎಬ್ಬಿಸದೆ ಬಿಟ್ಟರೆ ಒಂಬತ್ತೂವರೆವರೆಗೂ ಏಳುವುದಿಲ್ಲ. ಗೊರಕೆ ಕೂಡ ಹೊಡೆಯುತ್ತಾನೆ.

ನಮ್ಮ ಯಜಮಾನರು ಹೇಳುವುದು, "ನಿದ್ದೆ ಕಮ್ಮಿ ಆದರೆ ತೂಕಡಿಸಬೇಕಲ್ವಾ? ಇವನು ಸಂಜೆ ಆದಷ್ಟೂ ಜಾಸ್ತಿ ಕುಣಿಯುತ್ತಾನೆ" ಅಂತ. ನನಗೂ ಉತ್ತರ ಗೊತ್ತಿಲ್ಲ. ಅನುಭವ ಇದ್ದವರು ಹೇಳಿ.

ಚಾಮುಂಡಿಪುರಂ (ರಾತ್ರಿ 11:06)

ತೂಕಡಿಸುವುದು ದೊಡ್ಡವರು. ಮದುವೆ ಛತ್ರದಲ್ಲಿ ರಾತ್ರಿ ಹನ್ನೊಂದಕ್ಕೆ ಕಂಬ ಸುತ್ತುತ್ತಾ ಓಡುವ ಮಕ್ಕಳನ್ನು ನೋಡಿದ್ದೀರಲ್ಲ, ಅವರಿಗೆಲ್ಲ ನಿದ್ದೆ ಬಂದಿರುತ್ತದೆ.

ತಿಪಟೂರು ತೆಂಗು (ರಾತ್ರಿ 11:15)

ಅಕ್ಕ, ಬೇಜಾರು ಮಾಡ್ಕೋಬೇಡಿ. ಏಳು ವರ್ಷದ ಗಂಡು ಹುಡುಗ ತಳ್ಳದೆ ಇನ್ನೇನು ಮಾಡುತ್ತಾನೆ? ನಾವೆಲ್ಲ ಹಾಗೇ ಬೆಳೆದವರು. ಈಗ ಎಲ್ಲದಕ್ಕೂ ಒಂದು ಇಂಗ್ಲಿಷ್ ಹೆಸರು, ಒಂದು ಡಾಕ್ಟರು. ಸ್ವಲ್ಪ ಗದರಿಸಿ, ಮೊಬೈಲ್ ಕಿತ್ತಿಡಿ, ಸರಿ ಹೋಗುತ್ತಾನೆ.

ಎರಡನೇ ಕ್ಲಾಸ್ ಅಮ್ಮ (ರಾತ್ರಿ 11:19)

ಗದರಿಸಿ ಆಯ್ತು ಸರ್. ಒಂದು ಸಲ ಹೊಡೆದೂ ಬಿಟ್ಟೆ. ಅವನು ಬೇಕು ಅಂತ ಮಾಡುತ್ತಿದ್ದರೆ ನಿಲ್ಲುತ್ತಿತ್ತು. ಮೊಬೈಲ್ ದಿನಕ್ಕೆ ಅರ್ಧ ಗಂಟೆ ಮಾತ್ರ, ಅದೂ ಸಂಜೆ.

ಶಿರಸಿ ಮೇಷ್ಟ್ರು (ರಾತ್ರಿ 11:41)

ತಂಗಿ, ನಾನು 21 ವರ್ಷದಿಂದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ನಮ್ಮಲ್ಲಿ ಶಾಲೆ ಶುರುವಾಗುವುದೇ ಹತ್ತಕ್ಕೆ. ಬಸ್ಸಿನ ಕಾಟ ಇಲ್ಲ. ಆದರೂ ಅಡಿಕೆ ಕೊಯ್ಲು ಬಂತೆಂದರೆ ನನ್ನ ತರಗತಿಯ ರೀತಿಯೇ ಬದಲಾಗುತ್ತದೆ. ಅಂಗಳದಲ್ಲಿ ರಾತ್ರಿ ಹನ್ನೊಂದು ಹನ್ನೆರಡರವರೆಗೆ ಅಡಿಕೆ ಸುಲಿಯುತ್ತಾರೆ. ದೀಪ, ಮಾತು, ಬೇಯಿಸುವ ಒಲೆಯ ಬೆಂಕಿ, ನಡುವೆ ಚಹಾ. ಯಾವ ಮಗು ಮಲಗುತ್ತದೆ ಹೇಳಿ? ಹತ್ತಿರದ ಊರಲ್ಲಿ ಯಕ್ಷಗಾನ ಇದ್ದರಂತೂ ಬೆಳಗಿನವರೆಗೆ.

ಮರುದಿನ ಮೂವತ್ತು ಮಕ್ಕಳಲ್ಲಿ ಬೆಂಚಿನ ಮೇಲೆ ತಲೆ ಇಡುವವರು ಇಬ್ಬರೋ ಮೂವರೋ. ಉಳಿದವರದ್ದು ಜಗಳ. ಪೆನ್ಸಿಲಿಗೆ ಹೊಡೆದಾಟ, ಬಿಸಿಯೂಟದ ಸಾಲಿನಲ್ಲಿ ನೂಕಾಟ, ಸುಮ್ಸುಮ್ನೆ ಅಳು. ಮೊದಲೆಲ್ಲ ಇದನ್ನು ಸೊಕ್ಕು ಅಂದುಕೊಂಡಿದ್ದೆ. ಬೈದಿದ್ದೇನೆ, ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅದನ್ನು ನೆನೆಸಿಕೊಂಡರೆ ಈಗಲೂ ಬೇಸರವಾಗುತ್ತದೆ. ಈಗ ಹಾಜರಿ ಕೂಗುವಾಗಲೇ "ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ?" ಅಂತ ಕೇಳಿಬಿಡುತ್ತೇನೆ. ತಡ ಆದವರನ್ನು ಊಟ ಆದ ಮೇಲೆ ನಲಿ ಕಲಿ ಕೋಣೆಯ ಚಾಪೆಯ ಮೇಲೆ ಅರ್ಧ ಗಂಟೆ ಮಲಗಿಸುತ್ತೇನೆ. ಎದ್ದ ಮೇಲೆ ಅದೇ ಹುಡುಗ ಬೇರೆ ಹುಡುಗ.

ತಿಪಟೂರು ತೆಂಗು (ರಾತ್ರಿ 11:47)

ಮೇಷ್ಟ್ರೇ, ನೀವು ಹೇಳಿದ್ದಕ್ಕೆ ಎದುರು ಹೇಳಲ್ಲ. ಆದರೆ ನಾವೂ ಕೊಬ್ಬರಿ ಸುಲಿಯುವಾಗ ರಾತ್ರಿ ಎದ್ದಿರುತ್ತಿದ್ದೆವು.

ಶಿರಸಿ ಮೇಷ್ಟ್ರು (ರಾತ್ರಿ 11:52)

ವರ್ಷದಲ್ಲಿ ಎಷ್ಟು ರಾತ್ರಿ? ಉಳಿದ ದಿನ ಎಂಟೂವರೆಗೆ ದೀಪ ಆರುತ್ತಿತ್ತು, ಅಲ್ವಾ? ಆ ಮಗುವಿಗೆ ವರ್ಷವಿಡೀ ಕೊಯ್ಲು.

ಹುಬ್ಬಳ್ಳಿ ಮಕ್ಕಳ ಡಾಕ್ಟರ್ (ಸೋಮವಾರ, ಬೆಳಗ್ಗೆ 6:20)

ರೌಂಡ್ಸಿಗೆ ಹೋಗುವ ಮೊದಲು ಬರೆಯುತ್ತಿದ್ದೇನೆ. ನಿಮ್ಮ ಯಜಮಾನರ ಪ್ರಶ್ನೆ ಸರಿಯಾಗಿಯೇ ಇದೆ ರೀ. ನನ್ನ ಹತ್ತಿರ ಬರುವ ಅರ್ಧಕ್ಕರ್ಧ ಅಪ್ಪಂದಿರು ಇದನ್ನೇ ಕೇಳುತ್ತಾರೆ.

ಮೊದಲು ಲೆಕ್ಕ ನೋಡೋಣ. ಹತ್ತೂಮುಕ್ಕಾಲರಿಂದ ಆರು ಅಂದರೆ ಏಳೂಕಾಲು ಗಂಟೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲಿ ಹೇಳಿದೆ. ಹದಿಮೂರರ ಮೇಲಿನವರಿಗೆ 8ರಿಂದ 10. ನಿಮ್ಮ ಮಗನಿಗೆ ದಿನಾ ಕನಿಷ್ಠ ಒಂದೂಮುಕ್ಕಾಲು ಗಂಟೆ ಕೊರತೆ. ಭಾನುವಾರದ ಒಂಬತ್ತೂವರೆ ಆ ಸಾಲ ತೀರಿಸುವ ಪ್ರಯತ್ನ.

ಇನ್ನು ತೂಕಡಿಕೆ ಯಾಕಿಲ್ಲ? ಕೈ ಎತ್ತಬೇಕು ಅನ್ನಿಸಿದಾಗ "ತಡಿ" ಅಂತ ಹಿಡಿಯುವ ಕೆಲಸ ಹಣೆಯ ಹಿಂದೆ ಇರುವ ಮೆದುಳಿನ ಮುಂಭಾಗದ್ದು. ಬ್ರೇಕ್ ಅಂದುಕೊಳ್ಳಿ. ಮಕ್ಕಳಲ್ಲಿ ಅದು ಇನ್ನೂ ಬೆಳೆಯುತ್ತಿರುತ್ತದೆ. ನಿದ್ದೆ ಕೆಟ್ಟಾಗ ಮೊದಲು ಸಡಿಲ ಆಗುವುದೂ ಅದೇ. ಜೊತೆಗೆ ನಿದ್ದೆ ಎಳೆಯುತ್ತಿರುವ ಮಗು ಎಚ್ಚರವಾಗಿರಲು ಮೈ ಆಡಿಸುತ್ತಲೇ ಇರುತ್ತದೆ. ನೋಡುವವರಿಗೆ ಅದು ಚುರುಕು ಅನ್ನಿಸುತ್ತದೆ. "ಕೈ ಹೋಗ್ಬಿಡ್ತು" ಅಂದನಲ್ಲ, ಅವನಿಗೆ ಆಗಿದ್ದನ್ನು ಸರಿಯಾಗಿಯೇ ಹೇಳಿದ್ದಾನೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೆಯುಟ್ ಗ್ರೂಬರ್ ತಂಡ 7ರಿಂದ 11 ವರ್ಷದ 34 ಆರೋಗ್ಯವಂತ ಮಕ್ಕಳನ್ನು ತೆಗೆದುಕೊಂಡಿತು. ಒಂದು ಗುಂಪಿಗೆ ನಿದ್ದೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ, ಐದು ರಾತ್ರಿ. ಯಾರು ಯಾವ ಗುಂಪು ಅಂತ ಟೀಚರಿಗೆ ಹೇಳಿರಲಿಲ್ಲ. ಸರಾಸರಿ 27 ನಿಮಿಷ ಜಾಸ್ತಿ ಮಲಗಿದವರ ಚಡಪಡಿಕೆ, ದುಡುಕು ಕಮ್ಮಿ ಆಗಿದೆ ಅಂತ ಟೀಚರುಗಳೇ ಬರೆದರು. 54 ನಿಮಿಷ ಕಮ್ಮಿ ಮಲಗಿದವರದ್ದು ಹೆಚ್ಚಾಗಿತ್ತು. 2012ರಲ್ಲಿ ಬಂದದ್ದು.

ಗೊರಕೆ ಬಗ್ಗೆ ಇನ್ನೂ ಕೇಳಬೇಕಿದೆ. ವಾರಕ್ಕೆ ಎಷ್ಟು ರಾತ್ರಿ? ಬಾಯಿ ತೆರೆದು ಮಲಗುತ್ತಾನಾ? ಉಸಿರು ನಿಂತು, ಆಮೇಲೆ ಗೊರ್ ಅಂತ ಎಳೆಯುತ್ತಾನಾ? ಕುತ್ತಿಗೆ ಹಿಂದಕ್ಕೆ ಚೆಲ್ಲುತ್ತಾನಾ, ತಲೆ ಬೆವರುತ್ತದಾ, ಹಾಸಿಗೆ ಒದ್ದೆ ಮಾಡುತ್ತಾನಾ?

ಎರಡನೇ ಕ್ಲಾಸ್ ಅಮ್ಮ (ಬೆಳಗ್ಗೆ 7:15)

ಈಗಷ್ಟೇ ಬಸ್ಸು ಹತ್ತಿಸಿ ಬಂದೆ. ಮೇಡಂ, ಗೊರಕೆ ದಿನಾ ಇದೆ. ಬಾಯಿ ತೆರೆದೇ ಮಲಗುತ್ತಾನೆ. ದಿಂಬು ಒದ್ದೆ ಆಗುವಷ್ಟು ತಲೆ ಬೆವರುತ್ತದೆ. ಹಾಸಿಗೆ ತಿಂಗಳಿಗೆ ಎರಡು ಸಲ ಒದ್ದೆ ಆಗುತ್ತದೆ, ಅದನ್ನು ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಉಸಿರು ನಿಲ್ಲುವುದು ಗಮನಿಸಿಲ್ಲ.

ಇನ್ನೊಂದು ವಿಷಯ. ದಸರಾ ರಜೆಯಲ್ಲಿ ಹಾಸನದಲ್ಲಿ ಅಜ್ಜಿ ಮನೆಯಲ್ಲಿದ್ದ. ಒಂಬತ್ತಕ್ಕೆ ಮಲಗಿ ಏಳಕ್ಕೆ ಏಳುತ್ತಿದ್ದ. ಹದಿನೈದು ದಿನ ಒಂದು ಜಗಳ ಇಲ್ಲ.

ಗಣಿತದ ರಾಯರು (ಬೆಳಗ್ಗೆ 8:02)

ರಜೆಯಲ್ಲಿ ತಳ್ಳುವುದಕ್ಕೆ ಸಾಲೂ ಇರಲಿಲ್ಲ, ಕಿತ್ತುಕೊಳ್ಳುವುದಕ್ಕೆ ಪಕ್ಕದವನ ರಬ್ಬರೂ ಇರಲಿಲ್ಲವಲ್ಲ. ಅದರಿಂದ ನಿದ್ದೆಯೇ ಕಾರಣ ಅಂತ ಹೇಳಲು ಆಗುವುದಿಲ್ಲ.

ಡಾಕ್ಟರ್ ಮೇಡಂ, 34 ಮಕ್ಕಳು, ಐದು ರಾತ್ರಿ. ಇದು ಚಿಕ್ಕ ಅಧ್ಯಯನ. ಎರಡು ಸಂಗತಿ ಒಟ್ಟಿಗೆ ಕಂಡವು ಅಂದರೆ ಒಂದು ಇನ್ನೊಂದಕ್ಕೆ ಕಾರಣ ಅಂತ ಅಲ್ಲ. ಎಡಿಎಚ್‌ಡಿ ಇರುವ ಮಕ್ಕಳಿಗೆ ನಿದ್ದೆ ಬರುವುದೇ ಕಷ್ಟ. ಹಾಗಿದ್ದರೆ ಯಾವುದು ಮೊದಲು?

ಹುಬ್ಬಳ್ಳಿ ಮಕ್ಕಳ ಡಾಕ್ಟರ್ (ಮಧ್ಯಾಹ್ನ 2:10)

ಚಿಕ್ಕ ಅಧ್ಯಯನ, ಒಪ್ಪುತ್ತೇನೆ. ಆದರೆ ಅಲ್ಲಿ ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ನಿದ್ದೆಯನ್ನೇ ಬದಲಿಸಿ ನೋಡಿದ್ದಾರೆ. ಸುಮ್ನೆ ಒಟ್ಟಿಗೆ ಕಂಡದ್ದಲ್ಲ.

ಎರಡೂ ದಿಕ್ಕಿನಲ್ಲಿ ಓಡುತ್ತದೆ ಅನ್ನುವುದು ನಿಜ. ಎಡಿಎಚ್‌ಡಿ ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಎಡಿಎಚ್‌ಡಿಯಂತೆಯೇ ಕಾಣುತ್ತದೆ. ಅದಕ್ಕೇ ಎರಡನ್ನೂ ನೋಡಬೇಕು ಅನ್ನುವುದು. ಇಂಗ್ಲೆಂಡಿನ ಏವನ್ ಪ್ರದೇಶದಲ್ಲಿ ಸುಮಾರು 11,000 ಮಕ್ಕಳನ್ನು ಹಸುಗೂಸಿನಿಂದ ಹಿಂಬಾಲಿಸಿದರು. ಚಿಕ್ಕಂದಿನಲ್ಲಿ ಗೊರಕೆ, ಬಾಯಿಯಿಂದ ಉಸಿರಾಟ ಇದ್ದವರಲ್ಲಿ ನಾಲ್ಕು ಮತ್ತು ಏಳನೇ ವಯಸ್ಸಿನಲ್ಲಿ ನಡವಳಿಕೆಯ ತೊಂದರೆ ಹೆಚ್ಚಿತ್ತು. ಅಲ್ಲಿ ಉಸಿರಾಟದ ತೊಂದರೆ ಮೊದಲು ಬಂದಿತ್ತು.

ಅಮ್ಮನವರೇ, ದಿನಾ ಗೊರಕೆ, ತಲೆ ಬೆವರು, ಬಾಯಿ ತೆರೆದು ನಿದ್ದೆ, ಹಾಸಿಗೆ ಒದ್ದೆ. ಇವಿಷ್ಟು ಸಾಕು, ಇಎನ್‌ಟಿ (ಕಿವಿ, ಮೂಗು, ಗಂಟಲು) ಡಾಕ್ಟರ್ ಹತ್ತಿರ ಹೋಗಿ. ಹೋಗುವ ಮೊದಲು ರಾತ್ರಿ ಎರಡು ಮೂರು ಗಂಟೆಗೆ ಎದ್ದು ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೊ ಮಾಡಿ. ಮುಖ, ಎದೆ ಎರಡೂ ಕಾಣಬೇಕು. ಅಂಗಿ ತೆಗೆದಿದ್ದರೆ ಒಳ್ಳೆಯದು.

ಉಡುಪಿಯವಳು (ಮಧ್ಯಾಹ್ನ 3:35)

ನಮ್ಮ ಮನೆಯ ಕಥೆಯೇ ಇದು ಮಾರಾಯ್ರೆ. ನಮ್ಮವನಿಗೆ ಐದೂವರೆ ವರ್ಷದಲ್ಲಿ ಮೂಗಿನ ಹಿಂದೆ ಮಾಂಸ ಬೆಳೆದಿತ್ತು. ಅಡಿನಾಯ್ಡ್ ಅಂತಾರೆ. ಟಾನ್ಸಿಲ್ ಎರಡೂ ಕಡೆ ನೆಲ್ಲಿಕಾಯಿ ಗಾತ್ರ. ಮೂರು ವರ್ಷ "ಶೀತ ಪ್ರಕೃತಿ" ಅಂತ ಹೇಳಿಸಿಕೊಂಡು ಕಷಾಯ ಕುಡಿಸಿದ್ದೇ ಕುಡಿಸಿದ್ದು. ಅಂಗನವಾಡಿಯಲ್ಲೇ ಕಚ್ಚುತ್ತಿದ್ದ. ಅತ್ತೆ ದೃಷ್ಟಿ ತೆಗೆದರು, ನಾನು ಹರಕೆ ಹೊತ್ತೆ.

ಆಪರೇಷನ್ ಆದ ರಾತ್ರಿ ಆಸ್ಪತ್ರೆಯಲ್ಲಿ ನನಗೆ ನಿದ್ದೆ ಬರಲಿಲ್ಲ, ಯಾಕೆಂದರೆ ಅವನ ಉಸಿರಿನ ಸದ್ದೇ ಕೇಳುತ್ತಿರಲಿಲ್ಲ. ಮೂರು ಸಲ ಎದ್ದು ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಆಮೇಲೆ ಎರಡು ತಿಂಗಳಲ್ಲಿ ಕಚ್ಚುವುದು, ದೂಡುವುದು ನಿಂತಿತು. ಹಾಸಿಗೆ ಒದ್ದೆಯೂ ನಿಂತಿತು. ಓದಲು ಕೂರುವುದು ಮಾತ್ರ ಈಗಲೂ ಕಷ್ಟವೇ. ಅದು ಬದಲಾಗಲಿಲ್ಲ.

ಗಣಿತದ ರಾಯರು (ಸಂಜೆ 5:20)

ಉಡುಪಿಯವರೇ, ನಿಮ್ಮ ಕೊನೆಯ ಮಾತು ಮುಖ್ಯ. ಅಮೆರಿಕದಲ್ಲಿ ಇದರ ಬಗ್ಗೆ ದೊಡ್ಡ ಪ್ರಯೋಗಗಳೇ ಆಗಿವೆ. 2013ರದ್ದು ನಿದ್ದೆಯಲ್ಲಿ ಉಸಿರು ಕಟ್ಟುವ, 5ರಿಂದ 9 ವರ್ಷದ 464 ಮಕ್ಕಳ ಮೇಲೆ. ಆಪರೇಷನ್ ಮಾಡಿಸಿದವರು ಗಮನದ ಪರೀಕ್ಷೆಯಲ್ಲಿ ಉಳಿದವರಿಗಿಂತ ಮುಂದೆ ಹೋಗಲಿಲ್ಲ. ಸುಮ್ಮನೆ ಕಾದು ನೋಡಿದವರಲ್ಲೂ 46 ಶೇಕಡಾ ಮಕ್ಕಳ ನಿದ್ದೆಯ ಪರೀಕ್ಷೆಯ (ಮಲಗಿರುವಾಗ ಉಸಿರಾಟ ಅಳೆಯುವುದು) ಫಲಿತಾಂಶ ಏಳು ತಿಂಗಳಲ್ಲಿ ತಾನಾಗೇ ಸರಿಯಾಯಿತು. 2023ರಲ್ಲಿ ಇದೇ ಉಸಿರಾಟದ ತೊಂದರೆ ಸೌಮ್ಯವಾಗಿದ್ದ 459 ಮಕ್ಕಳ ಮೇಲೆ ಇನ್ನೊಂದು ಪ್ರಯೋಗ. ಒಂದು ವರ್ಷ ಆದ ಮೇಲೂ ಗಮನ, ತಡೆದುಕೊಳ್ಳುವ ಶಕ್ತಿಯ ಮುಖ್ಯ ಅಳತೆಗಳಲ್ಲಿ ವ್ಯತ್ಯಾಸ ಇಲ್ಲ. ಹಾಗಾಗಿ ಓಡಿಹೋಗಿ ಕೊಯ್ಯಿಸಬೇಡಿ.

ಹುಬ್ಬಳ್ಳಿ ಮಕ್ಕಳ ಡಾಕ್ಟರ್ (ರಾತ್ರಿ 9:04)

ರಾಯರೇ, ಅರ್ಧ ಹೇಳಿದಿರಿ. ಅದೇ 2013ರ ಪ್ರಯೋಗದಲ್ಲಿ ಮಕ್ಕಳ ನಡವಳಿಕೆ ಸುಧಾರಿಸಿದೆ ಅಂತ ಪೋಷಕರೂ ಹೇಳಿದರು, ಟೀಚರುಗಳೂ ಹೇಳಿದರು. 2023ರದ್ದರಲ್ಲೂ ನಡವಳಿಕೆ, ನಿದ್ದೆ, ರಕ್ತದೊತ್ತಡ ಆಪರೇಷನ್ ಆದವರಲ್ಲೇ ಚೆನ್ನಾಗಿತ್ತು. ಕುರ್ಚಿಯಲ್ಲಿ ಕೂರಿಸಿ ಬಟನ್ ಒತ್ತಿಸುವ ಪರೀಕ್ಷೆಯೇ ಬೇರೆ, ಬಿಸಿಲಲ್ಲಿ ಸಾಲು ನಿಂತಾಗಿನ ತಾಳ್ಮೆಯೇ ಬೇರೆ.

ಆದರೆ ಆತುರಪಟ್ಟು ಕೊಯ್ಯಿಸಬೇಡಿ ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಸೌಮ್ಯವಾಗಿದ್ದರೆ ಮೂಗಿನ ಸ್ಪ್ರೇ ಕೊಟ್ಟು ನೋಡುತ್ತಾರೆ, ಅಲರ್ಜಿ ನೋಡುತ್ತಾರೆ. ಬೇಕಾದರೆ ರಾತ್ರಿ ನಿದ್ದೆಯ ಪರೀಕ್ಷೆ ಮಾಡಿಸುತ್ತಾರೆ.

ಹತ್ತು ವರ್ಷದ ಹುಡುಗಿಯ ಅಪ್ಪ (ರಾತ್ರಿ 9:50)

ಇಡೀ ಚರ್ಚೆ ಓದಿದೆ. ಒಂದು ಕೋರಿಕೆ. ದಯವಿಟ್ಟು "ನಿದ್ದೆ ಸರಿ ಮಾಡಿ, ಎಲ್ಲ ಸರಿ ಹೋಗುತ್ತೆ" ಅನ್ನಬೇಡಿ.

ನಮ್ಮ ಮಗಳಿಗೆ ಎಡಿಎಚ್‌ಡಿ ಇದೆ. ಅದು ಗೊತ್ತಾಗುವ ಮೊದಲು ಎರಡು ವರ್ಷ ನಾವು ಇದೇ ಮಾತು ನಂಬಿಕೊಂಡು ಕೂತಿದ್ದೆವು. ಎಂಟಕ್ಕೆ ಮಲಗಿಸಿದೆವು. ಟಿವಿ ಮಾರಿದೆವು. ಅವಳು ಹಾಸಿಗೆಯಲ್ಲಿ ಹತ್ತೂವರೆವರೆಗೆ ಕಣ್ಣು ಬಿಟ್ಟುಕೊಂಡು, "ಅಪ್ಪ, ನನ್ನ ತಲೆ ನಿಲ್ತಾ ಇಲ್ಲ" ಅಂತ ಅಳುತ್ತಿದ್ದಳು. ಬಂಧುಗಳೆಲ್ಲ ನಮ್ಮದೇ ಶಿಸ್ತು ಸರಿ ಇಲ್ಲ ಅಂದರು. ಕೊನೆಗೆ ನಿಮ್ಹಾನ್ಸ್‌ಗೆ ಹೋದೆವು. ಅಲ್ಲಿ ಮೊದಲ ದಿನವೇ ನಿದ್ದೆ ಬಗ್ಗೆ ಅರ್ಧ ಗಂಟೆ ಕೇಳಿದರು, ಶಾಲೆಯ ಬಗ್ಗೆಯೂ ಕೇಳಿದರು. ತರಬೇತಿ, ಆಮೇಲೆ ಔಷಧಿ. ಔಷಧಿ ತಡವಾಗಿ ಕೊಟ್ಟ ದಿನ ನಿದ್ದೆ ಇನ್ನೂ ತಡ ಆಗುತ್ತದೆ, ಅದಕ್ಕೆ ಬೆಳಗ್ಗೆ ತಪ್ಪದೆ ಕೊಡುತ್ತೇವೆ. ಈಗ ಅವಳಿಗೆ ಇಬ್ಬರು ಗೆಳತಿಯರಿದ್ದಾರೆ. ಎರಡು ವರ್ಷ ಮೊದಲೇ ಸಿಗಬಹುದಿತ್ತು ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಎರಡನೇ ಕ್ಲಾಸ್ ಅಮ್ಮ (ರಾತ್ರಿ 10:15)

ಅಣ್ಣ, ಇದನ್ನು ಬರೆದಿದ್ದಕ್ಕೆ ಥ್ಯಾಂಕ್ಸ್. ನಾನು ಎರಡೂ ಮಾಡಿಸುತ್ತೇನೆ. ಯಾವುದನ್ನೂ ಮುಂದೂಡಲ್ಲ.

ಮೆಡಿಕಲ್ ಶಾಪ್ (ರಾತ್ರಿ 10:31)

ಇಲ್ಲಿ ಯಾರೂ ಹೇಳಿಲ್ಲ, ಆದರೆ ನನ್ನ ಅಂಗಡಿಗೆ ವಾರಕ್ಕೆ ಇಬ್ಬರಾದರೂ ಬಂದು "ಮಗು ಮಲಗ್ತಿಲ್ಲ, ಆ ಶೀತದ ಸಿರಪ್ ಕೊಡಿ" ಅಂತಾರೆ. ನಾನು ಕೊಡಲ್ಲ. ನಿದ್ದೆ ಬರಿಸುವ ಶೀತದ ಸಿರಪ್ ಕೆಲವು ಮಕ್ಕಳಲ್ಲಿ ಉಲ್ಟಾ ಕೆಲಸ ಮಾಡಿ ರಾತ್ರಿಯಿಡೀ ಕುಣಿಸುತ್ತದೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ಸಿರಪ್ಪನ್ನು ನಾಲ್ಕು ವರ್ಷದ ಒಳಗಿನವರಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಹಾಕಲು 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರೇ ಹೇಳಿದ್ದಾರೆ. ನಿದ್ದೆಗೆ ಕೊಡುವ ಮೆಲಟೋನಿನ್ ಕೂಡ ಡಾಕ್ಟರ್ ಹೇಳದೆ ಬೇಡ.

ಚಾಮುಂಡಿಪುರಂ (ರಾತ್ರಿ 10:40)

ಸಂಜೆ ಕಾಫಿ ಕೊಡುವವರೂ ಇದ್ದಾರೆ. ನಮ್ಮ ಪಕ್ಕದ ಮನೆಯಲ್ಲಿ ಆರನೇ ಕ್ಲಾಸಿನ ಹುಡುಗನಿಗೆ ಏಳು ಗಂಟೆಗೆ ದೊಡ್ಡ ಲೋಟ ಫಿಲ್ಟರ್ ಕಾಫಿ, ಓದಲಿ ಅಂತ.

ಬಳ್ಳಾರಿ ಬಿಸಿಲು (ರಾತ್ರಿ 10:52)

ಸೊಳ್ಳೆ ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ? ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಕರೆಂಟ್ ಹೋದರೆ ಫ್ಯಾನ್ ಇಲ್ಲ, ಕಿಟಕಿ ತೆಗೆದರೆ ಸೊಳ್ಳೆ. ಮಕ್ಕಳು ರಾತ್ರಿ ನಾಲ್ಕು ಸಲ ಏಳುತ್ತಾರೆ. ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದರು ಅಂತ ಲೆಕ್ಕ, ನಿದ್ದೆ ಐದು ಗಂಟೆ. ನಮ್ಮಲ್ಲಿ ತಾರಸಿ ಮೇಲೆ ಸೊಳ್ಳೆ ಪರದೆ ಕಟ್ಟಿ ಮಲಗಿಸಿದ ಮೇಲೆ ಬೆಳಗಿನ ಜಗಳ ಅರ್ಧ ಆಯಿತು.

ವ್ಯಾನ್ ಅಣ್ಣ (ಮಂಗಳವಾರ, ಬೆಳಗ್ಗೆ 9:30)

ನಾನು ಸ್ಕೂಲ್ ವ್ಯಾನ್ ಓಡಿಸ್ತೀನಿ. 14 ಮಕ್ಕಳು. ಮೊದಲ ಮಗು ಹತ್ತುವುದು 6:35ಕ್ಕೆ, ಶಾಲೆ ಮುಟ್ಟುವುದು 7:50. ಬೆಳಗ್ಗೆ ಎಲ್ಲ ಶಾಂತ, ಅರ್ಧ ಜನ ನಿದ್ದೆ. ಸಂಜೆ ಬರುವಾಗ ಮೊದಲ ಹತ್ತು ನಿಮಿಷ ವ್ಯಾನಿನಲ್ಲಿ ಯುದ್ಧ. ಬಾಟಲಿ ಎಸೆಯುವುದು, ಕೂದಲು ಎಳೆಯುವುದು. ಆಮೇಲೆ ಒಬ್ಬೊಬ್ಬರೇ ಸೀಟಿನ ಮೇಲೆ ಬೀಳುತ್ತಾರೆ. ಕೊನೆಯ ಸ್ಟಾಪಿನ ಮಗು ಐದು ಗಂಟೆವರೆಗೆ ಒಂದು ಗಂಟೆ ಗಾಢ ನಿದ್ದೆ. ಅವರ ಅಮ್ಮ ಹೇಳ್ತಾರೆ, "ಅಣ್ಣ, ಇವಳು ರಾತ್ರಿ ಹನ್ನೊಂದಾದರೂ ಮಲಗಲ್ಲ." ಹೇಗೆ ಮಲಗುತ್ತಾಳೆ? ನನ್ನ ವ್ಯಾನಲ್ಲೇ ಮಲಗಿ ಆಗಿದೆ. ಈಗ ಆ ಮಗುವನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಮಾತಾಡಿಸ್ತೀನಿ. ಅಂಗಡಿ ಬೋರ್ಡೆಲ್ಲ ಓದಿಸ್ತೀನಿ. ಒಂಬತ್ತೂವರೆಗೆ ಮಲಗ್ತಾಳಂತೆ.

ಶಿರಸಿ ಮೇಷ್ಟ್ರು (ಬೆಳಗ್ಗೆ 9:44)

ಅಣ್ಣ, ನಿಮ್ಮಂಥವರು ಆ ಮಗುವಿಗೆ ಇನ್ನೊಬ್ಬ ಮೇಷ್ಟ್ರು.

ಫ್ರೀಮಾಂಟ್ ಕನ್ನಡತಿ (ಬೆಳಗ್ಗೆ 11:18)

ಶಾಲೆ ಸಮಯವನ್ನೇ ಯಾಕೆ ಪ್ರಶ್ನೆ ಮಾಡುತ್ತಿಲ್ಲ? ಕ್ಯಾಲಿಫೋರ್ನಿಯಾದಲ್ಲಿ 2019ರಲ್ಲಿ ಕಾನೂನು ಬಂತು, 2022ರ ಜುಲೈನಿಂದ ಜಾರಿ. ಹೈಸ್ಕೂಲ್ 8:30ಕ್ಕೆ ಮೊದಲು ಶುರು ಮಾಡುವಂತಿಲ್ಲ, ಮಿಡ್ಲ್ ಸ್ಕೂಲ್ 8ಕ್ಕೆ ಮೊದಲು ಇಲ್ಲ. ನನ್ನ ದೊಡ್ಡ ಮಗಳು ಹಳೆಯ ಸಮಯ ನೋಡಿದವಳು, ಚಿಕ್ಕವಳು ಹೊಸದು. ಬೆಳಗಿನ ರೇಗಾಟದಲ್ಲಿ ಇಬ್ಬರಿಗೂ ಅಜಗಜಾಂತರ. ಮಹಾರಾಷ್ಟ್ರದಲ್ಲೂ 2024ರಲ್ಲಿ ನಾಲ್ಕನೇ ತರಗತಿವರೆಗೆ ಬೆಳಗ್ಗೆ 9ಕ್ಕೆ ಮೊದಲು ಶಾಲೆ ಬೇಡ ಅಂತ ಸರ್ಕಾರ ಆದೇಶ ಮಾಡಿತಲ್ಲ.

ಪೀಣ್ಯ ಎರಡನೇ ಶಿಫ್ಟ್ (ಮಧ್ಯಾಹ್ನ 12:40)

ಮೇಡಂ, ಒಂಬತ್ತಕ್ಕೆ ಶಾಲೆ ಅಂದರೆ ನಮ್ಮನೆಯಲ್ಲಿ ಮಗುವನ್ನು ಬಿಡುವವರು ಯಾರು? ನನ್ನ ಹೆಂಡತಿ ಗಾರ್ಮೆಂಟ್ಸಿಗೆ ಎಂಟಕ್ಕೆಲ್ಲ ಹೊರಡುತ್ತಾಳೆ. ನಾನು ರಾತ್ರಿ ಹನ್ನೊಂದೂವರೆಗೆ ಬರುತ್ತೇನೆ. ಇರುವುದು ಒಂದೇ ರೂಮು. ನಾನು ಬಂದು ಲೈಟ್ ಹಾಕಿ ಊಟ ಮಾಡುವಾಗ ಮಗ ಏಳುತ್ತಾನೆ. ತಪ್ಪು ಯಾರದ್ದು ಅಂತ ಹೇಳಲಿ? ಈ ಚರ್ಚೆ ಓದಿದ ಮೇಲೆ ನಿನ್ನೆ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತು, ಡಬ್ಬಿ ಬಿಚ್ಚಿ ಊಟ ಮಾಡಿ ಒಳಗೆ ಹೋದೆ. ಅವನು ಏಳಲಿಲ್ಲ.

ಗಣಿತದ ರಾಯರು (ಮಧ್ಯಾಹ್ನ 1:05)

ಇದೇ ನಿಜವಾದ ಗಂಟು. 2023ರಲ್ಲಿ ಟ್ರಾಫಿಕ್ ಕೇಸಿನಲ್ಲಿ ಹೈಕೋರ್ಟ್ ಬೆಂಗಳೂರಿನ ಶಾಲೆಗಳ ಸಮಯದ ಬಗ್ಗೆ ಮಾತೆತ್ತಿದಾಗ ಶಿಕ್ಷಣ ಇಲಾಖೆ ಸಭೆ ಕರೆಯಿತು. ಬದಲಾವಣೆ ಬೇಡ ಅಂದವರಲ್ಲಿ ಶಾಲೆಗಳೂ ಇದ್ದವು, ಪೋಷಕರೂ ಇದ್ದರು. ಅಲ್ಲಿ ಮಾತು ಬಂದದ್ದು ರಸ್ತೆಯ ಬಗ್ಗೆ. ಮಕ್ಕಳ ನಿದ್ದೆ ಯಾರ ಪಟ್ಟಿಯಲ್ಲೂ ಮೇಲೆ ಇರಲಿಲ್ಲ. ಈ ಒಂದು ವಿಷಯದಲ್ಲಿ ನಾನು ಡಾಕ್ಟರ್ ಕಡೆ. ಪುರಾವೆ ಸ್ವಲ್ಪ ಕಮ್ಮಿ ಇದ್ದರೂ ಮಗುವಿಗೆ ಒಂದು ಗಂಟೆ ಜಾಸ್ತಿ ನಿದ್ದೆ ಕೊಟ್ಟರೆ ನಷ್ಟ ಏನೂ ಇಲ್ಲ.

ಎಸ್ಸೆಸ್ಸೆಲ್ಸಿ ತಾಯಿ (ಮಧ್ಯಾಹ್ನ 3:12)

ಚಿಕ್ಕವರದ್ದು ಆಯಿತು, ನಮ್ಮ ಹತ್ತನೇ ಕ್ಲಾಸಿನವರ ಕಥೆ ಕೇಳಿ. ಶಾಲೆಯಿಂದ ಬೆಳಗ್ಗೆ ಐದಕ್ಕೆ ಫೋನ್ ಬರುತ್ತದೆ, "ಎದ್ದನಾ, ಓದ್ತಿದ್ದಾನಾ?" ಅಂತ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಅದು ಗೊತ್ತು. ಆದರೆ ಟ್ಯೂಷನ್ ಮುಗಿದು ಊಟ ಆಗುವಷ್ಟರಲ್ಲಿ ಹತ್ತೂವರೆ, ಮಲಗುವುದು ಹನ್ನೆರಡು. ಐದು ಗಂಟೆ ನಿದ್ದೆಯ ಹುಡುಗ ಹೋದ ತಿಂಗಳು ಸಣ್ಣ ಮಾತಿಗೆ ತಟ್ಟೆ ಎಸೆದ. ಮರುದಿನ ಕೇಳದೆ ಅಪ್ಪನ ಬೈಕ್ ತೆಗೆದುಕೊಂಡು ಹೋದ. ಲೈಸೆನ್ಸ್ ಇಲ್ಲ, ಹೆಲ್ಮೆಟ್ ಇಲ್ಲ. ಮೊದಲು ಹೀಗಿರಲಿಲ್ಲ ನನ್ನ ಮಗ.

ಹುಬ್ಬಳ್ಳಿ ಮಕ್ಕಳ ಡಾಕ್ಟರ್ (ರಾತ್ರಿ 8:45)

ಹದಿಹರೆಯದಲ್ಲಿ ದೇಹದ ಗಡಿಯಾರವೇ ಒಂದೆರಡು ಗಂಟೆ ಹಿಂದೆ ಬೀಳುತ್ತದೆ ರೀ. ಹತ್ತಕ್ಕೆ ಮಲಗು ಅಂದರೂ ನಿದ್ದೆ ಬರುವುದಿಲ್ಲ. ಅದು ಹಟ ಅಲ್ಲ. ಅಂಥವರನ್ನು ಐದಕ್ಕೆ ಎಬ್ಬಿಸಿದರೆ ನಿದ್ದೆಯ ಕೊನೆಯ ಭಾಗ ಕತ್ತರಿಸಿದ ಹಾಗೆ. ಕನಸಿನ ನಿದ್ದೆ ಹೆಚ್ಚಾಗಿ ಆಗಲೇ ಇರುತ್ತದೆ. ಮನಸ್ಸಿನ ಬಿಸಿ ಇಳಿಯಲು ಅದು ಬೇಕು. ಮೇಷ್ಟ್ರ ಹತ್ತಿರ ನೇರ ಮಾತಾಡಿ, ಆರೂವರೆಗೆ ಫೋನ್ ಮಾಡಿ ಅಂತ ಕೇಳಿ. ಬೈಕಿನ ಕೀಲಿ ಮಾತ್ರ ಇವತ್ತೇ ಬೀರುವಿನಲ್ಲಿಡಿ. ಮನಸ್ಸಿನ ವಿಷಯ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ತಿಪಟೂರು ತೆಂಗು (ರಾತ್ರಿ 9:20)

ಮೊದಲ ದಿನ ನಾನು ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಅಕ್ಕ. ನಿನ್ನೆ ರಾತ್ರಿ ನಮ್ಮ ಮೊಮ್ಮಗನ ಪಕ್ಕ ಕೂತು ನೋಡಿದೆ. ಅವನೂ ಬಾಯಿ ತೆರೆದೇ ಮಲಗುತ್ತಾನೆ. ಮಗನಿಗೆ ಹೇಳಿದ್ದೇನೆ, ಗುರುವಾರ ತುಮಕೂರಿಗೆ ತೋರಿಸಲು ಹೋಗುತ್ತಿದ್ದಾರೆ.

ಎರಡನೇ ಕ್ಲಾಸ್ ಅಮ್ಮ (18 ದಿನದ ನಂತರ, ಶನಿವಾರ)

ಎಷ್ಟೋ ಜನ ಮೆಸೇಜ್ ಮಾಡಿ ಕೇಳಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ವಿಡಿಯೊ ಮಾಡಲು ಎರಡೂವರೆಗೆ ಅಲಾರಂ ಇಟ್ಟು ಎದ್ದೆ. ಉಸಿರು ನಿಲ್ಲುವುದು ಗಮನಿಸಿಲ್ಲ ಅಂತ ಬರೆದಿದ್ದೆನಲ್ಲ, ನಿಲ್ಲುತ್ತದೆ. ಎದೆ ಏಳುತ್ತದೆ, ಸದ್ದೇ ಇಲ್ಲ, ಆಮೇಲೆ ಮೈಯೆಲ್ಲ ಕೊಡವಿ ಗೊರ್ ಅಂತ ಎಳೆಯುತ್ತಾನೆ. ನಮ್ಮ ಯಜಮಾನರಿಗೆ ಎಬ್ಬಿಸಿ ತೋರಿಸಿದೆ. ಇಬ್ಬರೂ ಬೆಳಗಿನವರೆಗೆ ಮಲಗಲಿಲ್ಲ. ಇಎನ್‌ಟಿ ಡಾಕ್ಟರ್ ಎಕ್ಸ್‌ರೇ ತೆಗೆಸಿದರು, ಅಡಿನಾಯ್ಡ್ ದೊಡ್ಡದಿದೆ. ಸದ್ಯಕ್ಕೆ ಸ್ಪ್ರೇ ಕೊಟ್ಟಿದ್ದಾರೆ. ನಿದ್ದೆಯ ಪರೀಕ್ಷೆಗೆ ಮುಂದಿನ ತಿಂಗಳು ದಿನ ಸಿಕ್ಕಿದೆ. ಎಡಿಎಚ್‌ಡಿ ಪರೀಕ್ಷೆಗೂ ಹೆಸರು ಬರೆಸಿದ್ದೇವೆ.

ಅಪ್ಪ ಈಗ ರಾತ್ರಿ ಎಂಟೂವರೆಗೆ ಆಫೀಸಿನಿಂದಲೇ ವಿಡಿಯೊ ಕಾಲ್ ಮಾಡಿ ಕಥೆ ಹೇಳುತ್ತಾರೆ. ಒಂಬತ್ತೂಕಾಲಿಗೆ ದೀಪ ಆರಿಸುತ್ತೇವೆ. ಬೆಳಗ್ಗೆ ಇಪ್ಪತ್ತು ನಿಮಿಷ ಅವರೇ ಅವನ ಜೊತೆ ಇರುತ್ತಾರೆ, ಬಸ್ಸು ಹತ್ತಿಸುವುದೂ ಅವರೇ. ಬಸ್ಸಿನ ಸಮಯ ಮಾತ್ರ ಬದಲಾಗಲ್ಲ ಅಂದರು. ಟೀಚರಿಗೆ ವಿಡಿಯೊ ತೋರಿಸಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಸಾಲಿನಲ್ಲಿ ಅವನನ್ನು ಮೊದಲಿಗೆ ನಿಲ್ಲಿಸುತ್ತಿದ್ದಾರೆ, ಮುಂದೆ ತಳ್ಳಲು ಯಾರೂ ಇರದ ಹಾಗೆ.

ಈ ವಾರ ಡೈರಿಯಲ್ಲಿ ಒಂದೇ ದೂರು. ಗುರುವಾರ ಯಾರದ್ದೋ ಟೋಪಿ ಕಿತ್ತಿದ್ದ. ಕೇಳಿದೆ. "ಕೈ ಹೋಗ್ತಿತ್ತು ಅಮ್ಮ, ಹಿಡ್ಕೊಂಡೆ. ಆಮೇಲೆ ಹೋಗ್ಬಿಡ್ತು" ಅಂದ.

ಸ್ಪ್ರೇ ಹಾಕುವಾಗ ತುಂಬಾ ಅಳುತ್ತಾನೆ, ಮೂಗಿನ ಒಳಗೆ ಉರಿ ಅಂತಾನೆ. ಏನು ಮಾಡಲಿ?

ಉಡುಪಿಯವಳು (ಶನಿವಾರ, ಸಂಜೆ 6:50)

ಹಿಡ್ಕೊಂಡೆ ಅಂದನಾ! ಚಿನ್ನ ಅದು.

ಸ್ಪ್ರೇ ತುದಿಯನ್ನು ಮೂಗಿನ ನಡುವಿನ ಗೋಡೆ ಕಡೆ ಇಡಬೇಡಿ, ಅದೇ ಕಡೆಯ ಕಿವಿಯತ್ತ ತಿರುಗಿಸಿ ಒತ್ತಿ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಲಿ. ಎಡ ಮೂಗಿಗೆ ನಿಮ್ಮ ಬಲಗೈ, ಬಲ ಮೂಗಿಗೆ ಎಡಗೈ. ನಮ್ಮವನಿಗೂ ಮೊದಲ ವಾರ ಹಾಗೇ ಆಗಿತ್ತು. ರಕ್ತ ಕಂಡರೆ ಮಾತ್ರ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.